ನಿಮಗಿದು ಗೊತ್ತೇ? ಆಟವೇ ವ್ಯಾಯಾಮ!

● ತಲೆಗೆ ತೊಡುವ ವರ್ಚುವಲ್ ರಿಯಾಲಿಟಿ ಸಾಧನವನ್ನು ಇವಾನ್ ಸದರ್‌ಲ್ಯಾಂಡ್ 1968ರಲ್ಲೇ ತೋರಿಸಿದ್ದರು. ಅದನ್ನು ಛಾವಣಿಯಿಂದ ಇಳಿಬಿಟ್ಟ ಲೋಹದ ತೋಳಿಗೆ ಜೋಡಿಸಲಾಗಿತ್ತು. ಇಂದು ಇಂಥ ಆಟದ ಸಾಧನಗಳನ್ನು ಮಕ್ಕಳ ವ್ಯಾಯಾಮಕ್ಕೂ ಬಳಸುತ್ತಾರೆ.

● ಅಮೆರಿಕದಲ್ಲಿ ಜುಡಿತ್ ಡಾಯ್ಚ್ ಮತ್ತು ಸಂಗಡಿಗರು ಸೆರೆಬ್ರಲ್ ಪಾಲ್ಸಿ (ಮೆದುಳಿನ ಗಾಯದಿಂದಾದ ಚಲನೆಯ ತೊಂದರೆ) ಇದ್ದ 13 ವರ್ಷದ ಮಗುವಿಗೆ ಅಂಗಡಿಯಲ್ಲಿ ಸಿಗುತ್ತಿದ್ದ, ಕೈ ಬೀಸಿ ಆಡುವ ನಿಂಟೆಂಡೊ ವೀ ವಿಡಿಯೊ ಆಟಗಳನ್ನು 11 ಬಾರಿ ಆಡಿಸಿದರು. ದೇಹದ ಮೇಲಿನ ಹಿಡಿತ, ನಡಿಗೆ ಎರಡೂ ಸುಧಾರಿಸಿದವೆಂದು 2008ರಲ್ಲಿ ಪ್ರಕಟಿಸಿದರು. ಮೆದುಳಿನ ಗಾಯ ಇದರಿಂದ ಮಾಯುವುದಿಲ್ಲ. ಫಿಸಿಯೋಥೆರಪಿಯ ಜತೆಗೆ ಆಡಿಸಬೇಕು.

● ಪರದೆಯ ಮೇಲಿನ ಹಣ್ಣನ್ನು ಮುಟ್ಟು ಎಂದರೆ ಇಂಥ ಎಷ್ಟೋ ಮಕ್ಕಳು ಮೊಣಕೈ ಚಾಚದೆ ಇಡೀ ಮೈಯನ್ನೇ ಮುಂದಕ್ಕೆ ಬಗ್ಗಿಸಿ ಮುಟ್ಟಿಬಿಡುತ್ತಾರೆ! ಅಂಕ ಬಂತು, ಕೈಗೆ ವ್ಯಾಯಾಮ ಆಗಲೇ ಇಲ್ಲ. ಅದಕ್ಕೇ ಒಳ್ಳೆಯ ಆಟ ಬೆನ್ನು ಎಷ್ಟು ವಾಲಿತೆಂದೂ ಅಳೆದು, ಮೊಣಕೈ ಚಾಚಿದಾಗ ಮಾತ್ರ ಅಂಕ ಕೊಡುತ್ತದೆ. ಮೊದಲು ಆ ಮಗುವಿನ ಕೈ ಎಲ್ಲಿಯವರೆಗೆ ಹೋಗುತ್ತದೆಂದು ಗುರುತಿಸಿಕೊಂಡು, ಹಣ್ಣನ್ನು ಅದಕ್ಕಿಂತ ಒಂದೆರಡು ಬೆರಳು ಆಚೆ ಇಡಬೇಕು. ತೀರಾ ದೂರವಿಟ್ಟರೆ ಮಗು ಸೋತು ಕೂರುತ್ತದೆ. ಸುಲಭಕ್ಕೆ ಸಿಕ್ಕರೆ ಎರಡೇ ದಿನಕ್ಕೆ ಬೇಸರ.

● 10 ವರ್ಷದೊಳಗಿನವರಿಗೆ ತನ್ನ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಬೇಡ ಎನ್ನುತ್ತದೆ ಮೆಟಾ ಕಂಪನಿ. ಚಿಕ್ಕವರಿಗೆ ಟಿ.ವಿ. ಪರದೆ, ಕ್ಯಾಮೆರಾ ಸಾಕು.

● ಮೈಕ್ರೋಸಾಫ್ಟ್ 2018ರಲ್ಲಿ ತಂದ ಅಡಾಪ್ಟಿವ್ ಕಂಟ್ರೋಲರ್ ಎಂಬ ವಿಡಿಯೊ ಆಟದ ಸಾಧನದ ದೊಡ್ಡ ಗುಂಡಿಗಳನ್ನು ಮೊಣಕೈಯಿಂದಲೂ ಒತ್ತಬಹುದು, ಕಾಲಿನಿಂದಲೂ!

● ಹೊನ್ನಾವರದಿಂದ ಮಣಿಪಾಲದ ಆಸ್ಪತ್ರೆಗೆ ನೂರು ಕಿಲೋಮೀಟರಿಗೂ ಹೆಚ್ಚು. ವಾರವಾರ ಮಗುವನ್ನೆತ್ತಿಕೊಂಡು ಹೋಗಿಬರುವ ತಾಯಿಗೆ ಒಂದು ದಿನದ ದುಡಿಮೆಯೂ ಹೋಯಿತು. ಇಂಥ ಆಟ ನಮ್ಮಲ್ಲಿ ನಿಜಕ್ಕೂ ಬೇಕಾಗಿರುವುದು ಮನೆಯಲ್ಲಿ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಿಗೆ ತರಬೇತಿ ಕೊಟ್ಟರೆ ಆಡಿಸುವವರೂ ಊರಲ್ಲೇ ಸಿಕ್ಕಂತೆ.

● ವೀ ಜತೆ ಬಂದ ಆಟಗಳು ಗಾಲ್ಫ್, ಬೌಲಿಂಗ್‌ನಂಥವು. ಹೊನ್ನಾವರದ ಪಕ್ಕದ ಕಾಸರಕೋಡಿನ ಮಗುವಿಗೆ ಬೀಸುಬಲೆ ಏಕಾಗಬಾರದು? ಬಲೆಯನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಸೊಂಟ ತಿರುಗಿಸಬೇಕು, ಸರಿಯಾದ ಗಳಿಗೆಗೆ ಬಿಡಬೇಕು. ಒಂದು ಪಕ್ಕ ಬಲಹೀನವಾದ ಮಗುವಿಗೆ ಇವೆಲ್ಲವೂ ಬೇಕಾದ ಅಭ್ಯಾಸಗಳೇ. ಶರಾವತಿ ಅಳಿವೆಯಲ್ಲಿ ಅಪ್ಪ ಬೀಸುವುದನ್ನು ಕಂಡ ಮಗುವಿಗೆ ಆಟದ ನಿಯಮ ಹೇಳಿಕೊಡಬೇಕಾಗಿಯೂ ಇಲ್ಲ.

● ಒಂದು ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸುತ್ತಾ ಇನ್ನೊಂದನ್ನು ಮುಷ್ಟಿ ಬಿಗಿದು ಇಟ್ಟುಕೊಂಡಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ; ಅದು ಸೆರೆಬ್ರಲ್ ಪಾಲ್ಸಿಯ ಸುಳಿವಿರಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬಂದು ಉಚಿತವಾಗಿ ತಪಾಸಣೆ ಮಾಡುತ್ತದೆ.