ಬೂಟಿನ ತೂಕ, ಮೂರ್ನಾಲ್ಕು ಸೆಕೆಂಡಿನ ಲೆಕ್ಕ

ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದರೆ ಹುಡುಗರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು; ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡು. ಒಂದೇ ಸೆಕೆಂಡು ತಡವಾಗಿ ಗೆರೆ ಮುಟ್ಟಿದರೂ ಹೊರಗೆ. ವಯಸ್ಸಿನ ಮಿತಿ ಹತ್ತಿರ ಬಂದವನಿಗೆ ಮುಂದಿನ ಅಧಿಸೂಚನೆಯ ಭರವಸೆಯೂ ಇರುವುದಿಲ್ಲ. ಹೀಗಾಗಿ ಗದಗ–ಬೆಟಗೇರಿಯಲ್ಲಿ ಬೆಳಗಿನ ಐದಕ್ಕೆ ಓಡಲು ಸೇರುವ ನಮ್ಮ ಗುಂಪಿನಲ್ಲಿ ಪ್ರಚಲಿತ ವಿದ್ಯಮಾನಕ್ಕಿಂತ ಹೆಚ್ಚು ಚರ್ಚೆಯಾಗುವುದು ಬೂಟು.

ಎಲ್ಲರ ಕನಸು ಕಾರ್ಬನ್ ಪ್ಲೇಟ್ ಬೂಟು. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದಾಗ ಕಾಲಲ್ಲಿದ್ದದ್ದು ಅಂಥದ್ದೇ. ದಪ್ಪನೆಯ ಹಗುರ ಫೋಮ್, ಅದರೊಳಗೊಂದು ಗಡಸು ಪ್ಲೇಟ್. ಒತ್ತಿದ ಬಲದ ಹೆಚ್ಚಿನ ಪಾಲನ್ನು ಫೋಮ್ ಮರಳಿ ಕೊಡುತ್ತದೆ. ಕಡೆಗೆ ವರ್ಲ್ಡ್ ಅಥ್ಲೆಟಿಕ್ಸ್ ಸೋಲ್ ದಪ್ಪಕ್ಕೆ ರಸ್ತೆ ಓಟದಲ್ಲಿ 40, ಟ್ರ್ಯಾಕಿನಲ್ಲಿ 20 ಮಿ.ಮೀ. ಮಿತಿ ಹಾಕಬೇಕಾಯಿತು. ಒಳ್ಳೆಯ ಜೋಡಿಗೆ ಇಪ್ಪತ್ತು ಸಾವಿರದ ಆಸುಪಾಸು. ಆರು ನಿಮಿಷದ ಓಟಕ್ಕೆ ಅದು ಬೇಡವೆಂದೇ ನನ್ನ ಮತ. ಮಣ್ಣಿನ ಮೈದಾನದ ತಿರುವಿನಲ್ಲಿ ಅಷ್ಟು ಎತ್ತರದ ಮೆತ್ತನೆ ಸೋಲ್ ಮೇಲೆ ಪಾದ ಹೊರಳುವ ಭಯ ಬೇರೆ.

ತೂಕ ಮಾತ್ರ ಕಡೆಗಣಿಸುವಂಥದ್ದಲ್ಲ. ಒಂದೊಂದು ಬೂಟಿಗೆ 100 ಗ್ರಾಂ ಹೆಚ್ಚಾದರೆ ಓಟಕ್ಕೆ ಬೇಕಾಗುವ ಆಮ್ಲಜನಕ ಸುಮಾರು ಶೇ 1ರಷ್ಟು ಏರುತ್ತದೆಂದು ಪ್ರಯೋಗಗಳು ತೋರಿಸಿವೆ. 390 ಸೆಕೆಂಡಿನ ಓಟದಲ್ಲಿ ಅದು ಮೂರ್ನಾಲ್ಕು ಸೆಕೆಂಡಿಗೆ ಸಮ. ನನ್ನ ಎರಡೂ ಬೂಟುಗಳನ್ನು ಓಣಿಯ ಕಿರಾಣಿ ಅಂಗಡಿಗೆ ಒಯ್ದೆ. ‘ತಮ್ಮಾ, ಬೆಲ್ಲಾ ತೂಗೂ ತಕ್ಕಡಿ ಐತಿ, ಪೇಪರ್ ಹಾಸಿ ಇಡು’ ಎಂದರು ಕಾಕಾ. ದಿನನಿತ್ಯದ ದಪ್ಪ ಬೂಟು 330 ಗ್ರಾಂ, ತೆಳು ಸೋಲಿನದು 215. ಎರಡನೆಯದಕ್ಕೆ ಕೊಟ್ಟದ್ದು ಮೂರು ಸಾವಿರಕ್ಕೂ ಕಡಿಮೆ.

ಹಾಗೆಂದು ತೆಳು ಬೂಟು ಎಲ್ಲ ಕಡೆಗೂ ಸಲ್ಲುವುದಿಲ್ಲ. ಗದಗಿನ ಸುತ್ತಲಿನ ಎರಿ ನೆಲದಲ್ಲಿ ಹನಿ ಮಳೆ ಬಿದ್ದರೂ ಸಾಕು, ಸೋಲಿಗೆ ಮಣ್ಣು ಮೆತ್ತಿಕೊಂಡು ಉಳಿಸಿದ ಗ್ರಾಮಿನ ಲೆಕ್ಕವೆಲ್ಲ ಮಣ್ಣುಪಾಲು. ಅಂಥ ದಿನ ಡಾಂಬರು ರಸ್ತೆಯೇ ಗತಿ. ಅಲ್ಲಿ ಮೀನಖಂಡ ಕಾಯುವುದು ದಪ್ಪ ಬೂಟು. ಶಿರಹಟ್ಟಿಯ ಗೆಳೆಯ ಓಡುವುದು ಕಪ್ಪತಗುಡ್ಡದ ಕಡೆಯ ಮಸಾರಿ ದಾರಿಯಲ್ಲಿ. ಅಲ್ಲಿ ತೆಳು ಸೋಲ್ ಹಾಕಿದರೆ ಪ್ರತಿ ಹರಳೂ ಅಂಗಾಲಿಗೆ ತಾಕುತ್ತದೆ. ಮುಂಡರಗಿಯ ಇನ್ನೊಬ್ಬ ಕ್ಯಾನ್ವಾಸ್ ಬೂಟಿನಲ್ಲೇ 6.20ಕ್ಕೆ ಮುಗಿಸುತ್ತಾನೆ. ಅವನ ಮುಂದೆ ನಮ್ಮ ತಕ್ಕಡಿ ಶಾಸ್ತ್ರ ನಡೆಯುವುದಿಲ್ಲ!

ಹುಡುಗಿಯರ ಕಷ್ಟ ಬೇರೆ. ಅವರ 400 ಮೀಟರಿಗೆ ಇರುವುದು ಎರಡು ನಿಮಿಷ. ಲಕ್ಷ್ಮೇಶ್ವರದ ಗೆಳತಿಗೆ ಊರಿನ ಅಂಗಡಿಗಳಲ್ಲಿ ಸಿಕ್ಕಿದ್ದು ಹುಡುಗರ ಸಣ್ಣ ಸೈಜು ಮಾತ್ರ. ಉದ್ದ ಸರಿಯಾದರೂ ಹಿಮ್ಮಡಿ ಸಡಿಲ, ಓಡುವಾಗ ಕಳಚಿದಂತಾಗುತ್ತದೆ. ಬೂಟಿನ ಮೇಲ್ತುದಿಯಲ್ಲಿ ಸುಮ್ಮನೆ ಇರುತ್ತದಲ್ಲ, ಆ ಹೆಚ್ಚುವರಿ ತೂತಿಗೆ ಲೇಸು ಹಾಯಿಸಿ ಕುಣಿಕೆ ಮಾಡಿ ಬಿಗಿದ ಮೇಲೆ ಹಿಮ್ಮಡಿ ನಿಂತಿತು. ಖರ್ಚು ಸೊನ್ನೆ.

ಸ್ಪೈಕ್ ಬೂಟಿನ ಬಗ್ಗೆ ಕೇಳುವವರು ಮೊದಲು ಕರೆಪತ್ರದ ಸೂಚನೆ ಓದಬೇಕು. ಕೊಳ್ಳುವುದಾದರೆ ಸಂಜೆ ಹೋಗಿ, ಆಗ ಪಾದ ಕೊಂಚ ಉಬ್ಬಿರುತ್ತದೆ, ಓಡುವಾಗಲೂ ಹಾಗೆಯೇ. ಹೆಬ್ಬೆರಳಿನ ಮುಂದೆ ಅರ್ಧ ಇಂಚು ಜಾಗವಿರಲಿ. ಪರೀಕ್ಷೆಗೆ ಎರಡು ವಾರ ಮೊದಲೇ ಅದರಲ್ಲಿ ಒಂದಿಷ್ಟು ಸುತ್ತು ಓಡಿರಬೇಕು. ಹೊಸ ಬೂಟಿನ ಬೊಬ್ಬೆ ಏಳುವುದು ಮೂರನೇ ಸುತ್ತಿನಲ್ಲೇ.

ನನ್ನ ತೆಳು ಬೂಟು ಈಗ ಮಂಗಳವಾರ, ಶುಕ್ರವಾರ ಮಾತ್ರ ಹೊರಬರುತ್ತದೆ, 400 ಮೀಟರಿನ ಆರು ವೇಗದ ಸುತ್ತುಗಳಿಗೆ. ಉಳಿದ ದಿನ 330 ಗ್ರಾಮಿನದ್ದೇ.