ಕಾಯುತ್ತ ನಿಂತಾಗ ಕಾಯುವ ಎಂಜಿನ್

ಓಡುವಾಗ ಸರಿಯಿದ್ದು ನಿಂತಾಗ ಮಾತ್ರ ಕಾಯುವ ಎಂಜಿನ್ನು ತನ್ನ ರೋಗವನ್ನು ಅರ್ಧ ತಾನೇ ಹೇಳಿಬಿಟ್ಟಿರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಇದು ಕಾಣಿಸಿಕೊಳ್ಳುವ ಜಾಗಗಳೂ ಎಲ್ಲರಿಗೆ ಗೊತ್ತಿರುವಂಥವೇ: ಮಳೆಗಾಲದ ಭಾನುವಾರ ಜೋಗದ ದಾರಿಯ ಸಾಲು, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ, ಆಗುಂಬೆ ಘಾಟಿಯ ತಿರುವಿನಲ್ಲಿ ಸಿಕ್ಕಿಕೊಂಡ ಬಸ್ಸಿನ ಹಿಂದೆ ನಿಂತ ಗಾಡಿಗಳು. 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆಯುವ ತನಕ ಶರಾವತಿ ಹಿನ್ನೀರಿನ ಅಂಬಾರಗೋಡ್ಲು ದಡದಲ್ಲಿ ಲಾಂಚಿಗಾಗಿ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡು, ಎಂಜಿನ್ ಚಾಲೂ ಇಟ್ಟು ಕೂತವರ ಕಾರಿಗೆ ಅದು ದೊಡ್ಡ ಪರೀಕ್ಷೆ.

ಸುಟ್ಟ ಇಂಧನದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಕೂಲೆಂಟ್ ಹೊತ್ತುಕೊಂಡು ಹೋಗಿ ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ಗಾಡಿ ಓಡುವಾಗ ಎದುರುಗಾಳಿಯೇ ಆ ಕೆಲಸ ಮಾಡಿಕೊಡುತ್ತದೆ. ನಿಂತಾಗ ಆ ಗಾಳಿ ಇಲ್ಲ. ನೀರು ತಳ್ಳುವ ಪಂಪೂ ನಿಧಾನ. ಉಳಿಯುವುದು ರೇಡಿಯೇಟರ್ ಫ್ಯಾನ್ ಒಂದೇ. ಎ.ಸಿ. ಹಾಕಿದ್ದರೆ ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ತನ್ನ ಬಿಸಿಯನ್ನೂ ಅದರ ಮೇಲೆಯೇ ಊದುತ್ತದೆ. ಹಾಗಾಗಿ ನಿಂತಾಗ ಏರಿದ ಟೆಂಪರೇಚರ್ ಮುಳ್ಳು ಎರಡು ಕಿಲೋಮೀಟರ್ ಓಡಿಸಿದೊಡನೆ ಇಳಿದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಹುಲಿಕಲ್ ಘಾಟಿ ಹತ್ತುವಾಗಲೂ ಕಾಯುತ್ತದೆ ಎಂದಾದರೆ ರೋಗ ಬೇರೆ: ಒಳಗೆ ಕಟ್ಟಿದ ರೇಡಿಯೇಟರ್, ಕಚ್ಚಿಕೊಂಡ ಥರ್ಮೋಸ್ಟಾಟ್, ಇಲ್ಲವೇ ಹೋದ ಹೆಡ್ ಗ್ಯಾಸ್ಕೆಟ್.

ಫ್ಯಾನ್ ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ಎ.ಸಿ. ಇಲ್ಲದೆಯೂ, ಕೂಲೆಂಟ್ 95–100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಅದರ ಗುಂಯ್ ಸದ್ದು ಕೇಳಿಸಬೇಕು; ಬಿಸಿ ಇಳಿದಾಗ ನಿಲ್ಲಬೇಕು. ತಿರುಗದಿದ್ದರೆ ಮೆಕ್ಯಾನಿಕ್ ಕಪ್ಲರ್ ಕಳಚಿ ಮೋಟಾರಿಗೆ ಬ್ಯಾಟರಿಯ 12 ವೋಲ್ಟ್ ಡೈರೆಕ್ಟ್ ಕೊಟ್ಟು ನೋಡುತ್ತಾನೆ. ಆಗಲೂ ತಿರುಗದಿದ್ದರೆ ಮೋಟಾರ್ ಹೋಗಿದೆ. ತಿರುಗಿದರೆ ಮೋಟಾರಿನ ತಪ್ಪಿಲ್ಲ. ಫ್ಯೂಸ್, ರಿಲೇ, ಟೆಂಪರೇಚರ್ ಸೆನ್ಸರ್, ತುಕ್ಕು ಹಿಡಿದ ವೈರಿನ ತುದಿ ಇವುಗಳಲ್ಲೊಂದು ಕೈಕೊಟ್ಟಿದೆ. ತಿಂಗಳುಗಟ್ಟಲೆ ಮಳೆ ಹೊಯ್ಯುವ ಊರಿನಲ್ಲಿ ಈ ಕೊನೆಯದನ್ನು ಮೊದಲೇ ನೋಡುವುದು ಜಾಣತನ. ಒಂದು ಎಚ್ಚರಿಕೆ: ಬಿಸಿ ಎಂಜಿನ್ನಿನ ಫ್ಯಾನ್ ಕೀ ತೆಗೆದ ಮೇಲೂ ತಟ್ಟನೆ ತಿರುಗಬಹುದು. ಬೆರಳು ದೂರವಿರಲಿ.

ಹಳೆಯ ಜೀಪುಗಳಲ್ಲಿ ಫ್ಯಾನನ್ನು ತಿರುಗಿಸುವುದು ಬೆಲ್ಟು. ಅದು ಸಡಿಲಾದರೆ ಪಂಪೂ ಫ್ಯಾನೂ ಒಟ್ಟಿಗೆ ಸೋಲುತ್ತವೆ.

ಫ್ಯಾನ್ ಸರಿಯಿದ್ದೂ ಬಿಸಿ ಇಳಿಯದಿದ್ದರೆ ರೇಡಿಯೇಟರಿನ ಮೈ ನೋಡಬೇಕು. ಬೇಸಿಗೆಯಲ್ಲಿ ಅಡಿಕೆ ತೋಟದ ದಾರಿಯ ಕೆಂಪು ಧೂಳು ಏಳುತ್ತದೆ. ಅದರ ಮೇಲೆ ಮೊದಲ ಮಳೆಯ ನೀರು ಬಿದ್ದರೆ ಕೆಸರಾಗಿ ಒಣಗಿ ತೆಳು ರೆಕ್ಕೆಗಳ ಸಂದಿಯಲ್ಲಿ ಇಟ್ಟಿಗೆಯಂತೆ ಕೂರುತ್ತದೆ. ಅದಕ್ಕೆ ದೀಪಕ್ಕೆ ಮುತ್ತಿದ ಹುಳು, ಹುಲ್ಲಿನ ಬೀಜ ಅಂಟುತ್ತವೆ. ಮುಂದಿನ ಜಾಲರಿಯಿಂದ ಇಣುಕಿದರೆ ಕಾಣುವುದು ಕಂಡೆನ್ಸರ್ ಮಾತ್ರ. ನಿಜವಾದ ಕಸ ಅದಕ್ಕೂ ರೇಡಿಯೇಟರಿಗೂ ನಡುವೆ ಅಡಗಿರುತ್ತದೆ. ಎಂಜಿನ್ ಪೂರ್ತಿ ತಣಿದ ಮೇಲೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ಜೆಟ್ಟನ್ನು ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿ, ಇದ್ದ ದಾರಿಯೂ ಮುಚ್ಚುತ್ತದೆ.

ಆಮೇಲೆ ಕ್ಯಾಪು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 600 ಮೀಟರ್ ಎತ್ತರದಲ್ಲಿವೆ. ಬರಿಯ ನೀರು ಇಲ್ಲಿ ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ ಒಳಗೆ ಸುಮಾರು 1 ಬಾರ್ ಒತ್ತಡ ಹಿಡಿದಿಡುವುದರಿಂದಲೇ ಕುದಿಬಿಂದು 120ರ ಹತ್ತಿರಕ್ಕೆ ಏರುತ್ತದೆ. ಕ್ಯಾಪಿನ ರಬ್ಬರ್ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಒತ್ತಡ ಸೋರಿ ಕೂಲೆಂಟ್ ಬೇಗ ಕುದಿಯುತ್ತದೆ. ಕೆಲವೇ ನೂರು ರೂಪಾಯಿಯ ಈ ಭಾಗವನ್ನು ಬಿಟ್ಟು ರೇಡಿಯೇಟರನ್ನೇ ಬದಲಿಸುವುದು ಅನ್ಯಾಯ.

ಮಲೆನಾಡಿನಲ್ಲಿ ಹಳ್ಳದ ನೀರು ಕೈಗೆ ಸಿಗುತ್ತದೆ, ಕಣ್ಣಿಗೂ ತಿಳಿಯಾಗಿರುತ್ತದೆ. ದಾರಿಯಲ್ಲಿ ಕಷ್ಟಕ್ಕೆ ಅದನ್ನು ಹಾಕಿದರೆ ತಪ್ಪಲ್ಲ, ಅದರಲ್ಲೇ ವರ್ಷ ಕಳೆಯುವುದು ತಪ್ಪು. ತುಕ್ಕು ತಡೆಯುವ ಗುಣ ಅದಕ್ಕಿಲ್ಲ. ಪಂಪಿನ ರೆಕ್ಕೆ ಸವೆದು, ತುಕ್ಕಿನ ಕೆಸರು ರೇಡಿಯೇಟರಿನ ಕೊಳವೆ ಕಟ್ಟುತ್ತದೆ. ಊರಿಗೆ ಬಂದೊಡನೆ ಎಲ್ಲ ಬಸಿದು, ಡಿಸ್ಟಿಲ್ಡ್ ವಾಟರಿಗೆ ಸರಿಸಮ ಕೂಲೆಂಟ್ ಬೆರೆಸಿ ತುಂಬಿಸಬೇಕು. ಆಗ ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಆ ಗಾಳಿಗುಳ್ಳೆಯೂ ನಿಂತಲ್ಲಿ ಬಿಸಿ ಏರಿಸುತ್ತದೆ. ಹೀಟಾಗುವ ಗಾಡಿಯ ಥರ್ಮೋಸ್ಟಾಟನ್ನು ಕಿತ್ತೇ ಬಿಡುವ ರೂಢಿಯನ್ನೂ ಕೈಬಿಡಬೇಕು. ಅದಿಲ್ಲದಿದ್ದರೆ ಆಗುಂಬೆಯ ಚಳಿಯಲ್ಲಿ ಎಂಜಿನ್ ಕೆಲಸದ ಬಿಸಿಗೆ ಬರಲು ತಡವಾಗಿ ಇಂಧನ ವ್ಯರ್ಥವಾಗುತ್ತದೆ. ಮೂಲ ರೋಗ ಹಾಗೆಯೇ ಉಳಿಯುತ್ತದೆ.

ಮುಳ್ಳು ಏರತೊಡಗಿದಾಗ ಎ.ಸಿ. ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಬೇಕು. ಒಂದಷ್ಟು ಶಾಖ ಅಲ್ಲಿಂದ ಹೊರಬೀಳುತ್ತದೆ. ಕೆಂಪಿಗೆ ಮುಟ್ಟಿದರೆ ಎಂಜಿನ್ ಆಫ್ ಮಾಡಲೇಬೇಕು. ಕ್ಯಾಪಿಗೆ ಕೈ ಹಾಕಬಾರದು: ಒತ್ತಡದಲ್ಲಿರುವ ನೀರು ಉಗಿಯಾಗಿ ಚಿಮ್ಮಿ ಮುಖ ಸುಡುತ್ತದೆ. ಕನಿಷ್ಠ ಅರ್ಧ ತಾಸು ಕಾದು, ಬಟ್ಟೆ ಹಿಡಿದು ನಿಧಾನಕ್ಕೆ ತಿರುಗಿಸಬೇಕು. ಕೆಂಡದಂಥ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡುತ್ತದೆ. ಕೆಂಪು ಮುಳ್ಳಿನಲ್ಲೇ ಓಡಿಸಿದರೆ ಸಿಲಿಂಡರ್ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಾಣುವುದು, ಸೈಲೆನ್ಸರಿನಲ್ಲಿ ಬಿಡದೆ ಬರುವ ಬಿಳಿಹೊಗೆ, ರೇಡಿಯೇಟರಿನಲ್ಲಿ ಏಳುವ ಗುಳ್ಳೆ ಅದರ ಗುರುತು.

ರಿಪೇರಿಯಾದ ಗಾಡಿಯನ್ನು ಗ್ಯಾರೇಜಿನ ಮುಂದೆಯೇ ಎ.ಸಿ. ಆರಿಸಿ ಇಪ್ಪತ್ತು ನಿಮಿಷ ಚಾಲೂ ಇಟ್ಟು ನೋಡಬೇಕು. ಫ್ಯಾನ್ ತಾನೇ ತಿರುಗಿ, ತಾನೇ ನಿಂತು, ಮತ್ತೆ ತಿರುಗಬೇಕು. ಅಷ್ಟು ಹೊತ್ತೂ ಮುಳ್ಳು ನಡುವಿನಲ್ಲೇ ಇದ್ದರೆ ಎ.ಸಿ. ಹಾಕಿ ಇನ್ನು ಹತ್ತು ನಿಮಿಷ. ಆಗಲೂ ಮುಳ್ಳು ಅಲ್ಲಾಡದಿದ್ದರೆ ಗಾಡಿ ಜೋಗದ ಸಾಲಿಗೆ ಸಿದ್ಧ.