ವಾಲ್ವಿನ ಪಕ್ಕದ ಸಂದು

ಹೃದಯದ ವಾಲ್ವ್ ಬದಲಿಸಿಕೊಂಡು ಊರಿಗೆ ಬಂದವರಿಗೆ ಮಹಾರಾಷ್ಟ್ರ ಗಡಿಯ ಅಕ್ಕಲಕೋಟೆ ಕಡೆಯ ನೆಂಟರು ಹೇಳುವುದು ಒಂದೇ ಮಾತು: ‘ಆಪರೇಶನ್ ಆತಲ್ಲ, ಇನ್ನೇನ್ ಚಿಂತಿ?’ ಹೆಚ್ಚಿನವರ ಪಾಲಿಗೆ ಅದು ನಿಜ. ಕೆಲವರಲ್ಲಿ ಮಾತ್ರ, ಹೃದಯದ ಒಳಗೋಡೆಗೆ ಹೊಲಿದ ವಾಲ್ವಿನ ಉಂಗುರ ಒಂದು ಕಡೆ ಬಿಟ್ಟುಕೊಳ್ಳುತ್ತದೆ. ಆ ಜಾಗದಲ್ಲಿ ಸುಣ್ಣ ಕಟ್ಟಿರಬಹುದು, ಸೋಂಕು ತಗುಲಿರಬಹುದು. ವಾಲ್ವ್ ನೆಟ್ಟಗೆ ಮುಚ್ಚಿದರೂ ಪಕ್ಕದ ಸಂದಿನಿಂದ ರಕ್ತ ಹಿಂದಕ್ಕೆ ಚಿಮ್ಮುತ್ತದೆ.

ಸಂದು ಚಿಕ್ಕದಾದರೆ ಗೊತ್ತೇ ಆಗುವುದಿಲ್ಲ. ದೊಡ್ಡದಾದರೆ ಮೆಟ್ಟಿಲೇರುವಾಗ ದಮ್ಮು, ಕಾಲಿಗೆ ಬಾವು. ಇನ್ನೊಂದು ತೊಂದರೆ ಇದಕ್ಕಿಂತ ಕಳ್ಳತನದ್ದು: ರಭಸಕ್ಕೆ ಸಿಕ್ಕ ಕೆಂಪು ರಕ್ತಕಣಗಳು ಒಡೆದು ಮೂತ್ರ ಕಪ್ಪಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ಹಳ್ಳಿಯಲ್ಲಿ ಇದಕ್ಕೆ ಕಾಮಣಿ ಎಂದು ಹೆಸರಿಟ್ಟು ಬೇರಿನ ಔಷಧ ಹುಡುಕುವವರೇ ಹೆಚ್ಚು. ಎದೆಯ ಮೇಲಿನ ಗಾಯದ ಗುರುತಿಗೂ ಹಳದಿ ಕಣ್ಣಿಗೂ ನಂಟಿದೆ ಎಂದು ಯಾರಿಗೆ ತಾನೇ ಹೊಳೆದೀತು?

ಹಿಂದೆ ಇದಕ್ಕಿದ್ದ ದಾರಿ ಎದೆಯನ್ನು ಮತ್ತೆ ತೆರೆಯುವುದು. ಎರಡನೇ ಸಲ ಅದು ಕಷ್ಟ; ಹೃದಯ ಎದೆಮೂಳೆಗೆ ಅಂಟಿಕೊಂಡಿರುತ್ತದೆ. ರಕ್ತನಾಳದೊಳಗೆ ತೂರಿಸುವ ತೆಳು ನಳಿಕೆಯಿಂದ (ಕ್ಯಾಥೆಟರ್) ಇಂಥ ಸಂದು ಮುಚ್ಚಿದ ಮೊದಲ ವರದಿ ಬಂದದ್ದು 1992ರಲ್ಲಿ. ಹೃದಯದ ಎಡಭಾಗದ ಮೈಟ್ರಲ್ ವಾಲ್ವಿನ ಪಕ್ಕದ ಸಂದಾದರೆ ತೊಡೆಸಂದಿಯ ರಕ್ತನಾಳದಿಂದ ಹೃದಯದ ಬಲ ಮೇಲ್ಕೋಣೆಗೆ ಹೋಗಿ, ನಡುಗೋಡೆಗೆ ಸೂಜಿ ಚುಚ್ಚಿ ಎಡಕ್ಕೆ ದಾಟುತ್ತಾರೆ. ಅನ್ನನಾಳದಲ್ಲಿಟ್ಟ ಎಕೋ (ಶಬ್ದತರಂಗದಿಂದ ಹೃದಯದ ಚಿತ್ರ ತೋರಿಸುವ ಸಾಧನ) ಮೂರು ಆಯಾಮದಲ್ಲಿ ದಾರಿ ತೋರಿಸುತ್ತದೆ. ಸಂದಿನೊಳಗೆ ತಂತಿ ತೂರಿಸಿ, ನಿಕಲ್–ಟೈಟಾನಿಯಂ ಎಳೆಗಳಿಂದ ಹೆಣೆದ ಬಿರಡೆಯನ್ನು ಮಡಚಿ ಕಳಿಸಿದರೆ ಒಳಗೆ ಹೋಗಿ ತಾನೇ ಅರಳುತ್ತದೆ. ಮಜವೆಂದರೆ, ಬಳಕೆಯಲ್ಲಿರುವ ಬಿರಡೆಗಳಲ್ಲಿ ಹಲವು ಬೇರೆ ತೂತುಗಳಿಗೆಂದು ಮಾಡಿದವು. ಅವು ದುಂಡಗೆ, ಸಂದು ಬಿದಿಗೆ ಚಂದ್ರನ ಹಾಗೆ ಬಾಗಿದ್ದು. ಅದಕ್ಕೇ ಒಮ್ಮೊಮ್ಮೆ ಎರಡು ಬಿರಡೆ ಬೇಕಾಗುತ್ತವೆ. ವಾಲ್ವಿನ ಎಲೆಗೆ ತಾಗುತ್ತಿಲ್ಲವೆಂದು ಖಾತ್ರಿಯಾದ ಮೇಲೆಯೇ ಬಿಡುತ್ತಾರೆ.

ಅಕ್ಕಲಕೋಟೆಯವರಿಗೆ ಎಕೋ ಪರೀಕ್ಷೆ ಸೊಲ್ಲಾಪುರದಲ್ಲೇ ಆಗುತ್ತದೆ; ಅಲ್ಲಿ ವೈದ್ಯಕೀಯ ಕಾಲೇಜಿದೆ. ಬಿರಡೆಯ ಕೆಲಸಕ್ಕೆ ಮಾತ್ರ ಪಳಗಿದ ಕೈ ಇರುವ ದೊಡ್ಡ ಹೃದಯ ಕೇಂದ್ರವೇ ಬೇಕು. ಅಕ್ಕಲಕೋಟೆ ರೋಡಿನ ರೈಲುಹಳಿ ಒಂದು ಕಡೆ ಪುಣೆಗೆ, ಇನ್ನೊಂದು ಕಡೆ ಜಯದೇವ ಆಸ್ಪತ್ರೆಯ ಶಾಖೆಯಿರುವ ಕಲಬುರಗಿಗೆ ಹೋಗುತ್ತದೆ. ನಂಟು ಕಲಬುರಗಿಯದು, ಕಾರ್ಡು ಮಹಾರಾಷ್ಟ್ರದ್ದು. ಮಹಾರಾಷ್ಟ್ರ ಸರ್ಕಾರದ ಮಹಾತ್ಮ ಫುಲೆ ಆರೋಗ್ಯ ಯೋಜನೆ ಗಡಿಯಾಚೆ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ಸೋಂಕು ಇನ್ನೂ ಆರಿರದಿದ್ದರೆ, ವಾಲ್ವೇ ಅಲುಗಾಡುತ್ತಿದ್ದರೆ ಬಿರಡೆ ಹಾಕುವಂತಿಲ್ಲ, ಶಸ್ತ್ರಕ್ರಿಯೆಯೇ ಗತಿ. ಬಿರಡೆ ಕೂತ ಮೇಲೂ ಸಣ್ಣ ಸೋರಿಕೆ ಉಳಿದರೆ ರಕ್ತಕಣ ಒಡೆಯುವುದು ಹೆಚ್ಚಲೂಬಹುದು. ಹಾಗಾಗಿ ಎಕೋ ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮತ್ತೆ ಮತ್ತೆ ಮಾಡಿಸುತ್ತಾರೆ.